ಇಳಕಲ್ ಸೀರಿ ಅಂಗಡಿ ಪೋಸ್ಟ್‌ಗಳಿಗೆ ಫೋಟೊ, ವಿಡಿಯೊ, ಐಡಿಯಾ ಎಲ್ಲಾ ಹೆಂಗ ಜೋಡಿಸಿಡಬೇಕ್ರಿ?

ದಡಿ_ಸೆರಗು, ಇಳಕಲ್

ನಮಸ್ಕಾರ್ರಿ ಎಲ್ಲಾರಿಗೂ. ಇಳಕಲ್ ಸೀರಿ, ಗುಳೇದಗುಡ್ಡ ಖಣ (ಕುಪ್ಪಸದ ಬಟ್ಟಿ) ಮಾರೋ ಅಂಗಡಿ ನಮ್ದು. ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಯೂಟ್ಯೂಬ್ ಶಾರ್ಟ್ಸ್, ವಾಟ್ಸಾಪ್ ಸ್ಟೇಟಸ್ ನಾಲ್ಕೂ ಕಡೆ ಕೂಡಿ ವಾರಕ್ಕ ನಾಲ್ಕೈದು ಪೋಸ್ಟ್ ಹೋಗ್ತಾವು. ಮಾಡೋರು ಇಬ್ಬರ. ಒಂದು ಆಂಡ್ರಾಯ್ಡ್, ಒಂದು ಐಫೋನ್, ಎಡಿಟಿಂಗ್‌ಗೆ ವಿಂಡೋಸ್ ಲ್ಯಾಪ್‌ಟಾಪ್.

ಸಾಮಾನು ಬೇಕಾದಷ್ಟು ಐತಿ, ಬೇಕಂದಾಗ ಸಿಗಂಗಿಲ್ಲ. ಸೆರಗು ಒಡಲು ಕೂಡಿಸೋ ಕೊಂಡಿ ಹಾಕೋ ವಿಡಿಯೊ ಯಾವ ಫೋನ್‌ನ್ಯಾಗ ಐತಿ ಅನ್ನೋದ ಗೊತ್ತಾಗದ ಮತ್ತ ನೇಕಾರರ ಮನಿಗೆ ಹೋಗಬೇಕಾಗ್ತೈತಿ. ಐಡಿಯಾ ಅರ್ಧ ವಾಟ್ಸಾಪ್ ಮೆಸೇಜ್‌ನ್ಯಾಗ, ಅರ್ಧ ಲೆಕ್ಕದ ವಹಿ ಹಿಂದಿನ ಹಾಳ್ಯಾಗ. ಗೂಗಲ್‌ನ 15 ಜಿಬಿ ತುಂಬೇತಿ. ಹಬ್ಬದ ಹಿಂದಿನ ರಾತ್ರಿ ಗಡಿಬಿಡಿ ತಪ್ಪಂಗಿಲ್ಲ.

ಫೋಲ್ಡರ್ ಸೀರಿ ನಮೂನಿ ಪ್ರಕಾರ ಮಾಡಬೇಕೋ, ಹಬ್ಬದ ಪ್ರಕಾರನೋ, ತಿಂಗಳ ಪ್ರಕಾರನೋ? ಐಡಿಯಾಕ್ಕ ಬ್ಯಾರೆ ಆ್ಯಪ್ ಬೇಕೇನು? ರೊಕ್ಕ ಹಾಕದ ಆಗೂದಿದ್ರ ಚಲೋ.

ಕೋಟೆಕೆರೆ, ಬೆಳಗಾವಿ

ಮೂರರಲ್ಲಿ ತಿಂಗಳ ಪ್ರಕಾರವೇ ಸರಿ. ಅದೂ ಫೈಲು ಎಲ್ಲೋ ಒಂದು ಕಡೆ ಬಿದ್ದಿರಬೇಕಲ್ಲ ಅನ್ನುವ ಕಾರಣಕ್ಕೆ ಮಾತ್ರ. ಹುಡುಕುವ ಕೆಲಸವನ್ನು ಫೋಲ್ಡರಿಗೆ ಒಪ್ಪಿಸಬೇಡಿ. ತೋಪ್ ತೆನೆ ಎಂಬ ವಿನ್ಯಾಸದ ಸೆರಗಿನ ಒಂದು ಫೋಟೊ ತಗೊಳ್ಳಿ: ಅದು ಇಳಕಲ್ ಸೀರೆಗೂ ಸೇರುತ್ತದೆ, ಮದುವೆ ಸೀಸನ್ನಿಗೂ, ಪಂಚಮಿಗೂ, ಆಗಸ್ಟ್ 7ರ ರಾಷ್ಟ್ರೀಯ ಕೈಮಗ್ಗ ದಿನಕ್ಕೂ. ಒಂದು ಫೋಲ್ಡರಿನಲ್ಲಿಟ್ಟರೆ ಉಳಿದ ಮೂರು ಕಡೆ ಅದು ಇಲ್ಲದಂತೆ. ನಾಲ್ಕೂ ಕಡೆ ಕಾಪಿ ಮಾಡಿದರೆ ಜಾಗ ತಿನ್ನುತ್ತದೆ, ತಿದ್ದಿದ ಪ್ರತಿ ಯಾವುದು ಎನ್ನುವುದೂ ಮರೆಯುತ್ತದೆ. ಹುಡುಕಲಿಕ್ಕೆ ಒಂದು ಶೀಟ್ ಇರಲಿ, ಇಡಲಿಕ್ಕೆ ಫೋಲ್ಡರ್ ಇರಲಿ, ಎರಡನ್ನೂ ಒಂದು ನಂಬರ್ ಕೂಡಿಸಲಿ. ನಿಮ್ಮ ಇಡೀ ವ್ಯವಸ್ಥೆ ನಿಲ್ಲುವುದು ಆ ನಂಬರಿನ ಮೇಲೆ.

ಡ್ರೈವ್‌ನಲ್ಲಿ ನಾಲ್ಕೇ ಫೋಲ್ಡರ್ ಸಾಕು: 1-ಬಂದದ್ದು, 2-ಕಚ್ಚಾ, 3-ಮೂಲ ಪ್ರತಿ, 4-ಹಾಕಿದ್ದು. ‘ಬಂದದ್ದು’ ಅಂದರೆ ಫೋನಿನಿಂದ ಇಳಿಸಿದ, ಇನ್ನೂ ಆರಿಸದ ರಾಶಿ. ವಾರದ ಕೊನೆಗೆ ಅದು ಖಾಲಿ ಇರಬೇಕು. ‘ಕಚ್ಚಾ’ ಅಂದರೆ ಆರಿಸಿದ, ಇನ್ನೂ ಎಡಿಟ್ ಮಾಡದ ಫೈಲು; ಅದರೊಳಗೆ 2025-11, 2025-12 ಹೀಗೆ ತಿಂಗಳು. ವರ್ಷ ಮೊದಲು ಬರಲಿ, ತಿಂಗಳು ಎರಡಂಕಿಯಲ್ಲಿರಲಿ. 11-2025 ಎಂದು ಬರೆದರೆ ಎಲ್ಲ ವರ್ಷದ ನವೆಂಬರುಗಳು ಒಂದೇ ಕಡೆ ಗುಂಪಾಗುತ್ತವೆ.

‘ಮೂಲ ಪ್ರತಿ’ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹೆಚ್ಚಿನವರು ಇದನ್ನು ಇಡುವುದೇ ಇಲ್ಲ. ಎಡಿಟ್ ಮುಗಿದ ವಿಡಿಯೊವನ್ನು ಅಕ್ಷರ, ಲೋಗೊ, ಹಾಡು ಯಾವುದೂ ಇಲ್ಲದೆ, ಮಗ್ಗದ ಮೂಲ ಸದ್ದಿನೊಂದಿಗೆ ಒಮ್ಮೆ ಎಕ್ಸ್‌ಪೋರ್ಟ್ ಮಾಡಿ ಇಲ್ಲಿಡಿ. ಆಮೇಲೆ ಅಕ್ಷರ, ಹಾಡು ಸೇರಿಸಿ ಇನ್ನೊಂದು ಎಕ್ಸ್‌ಪೋರ್ಟ್. ಅದು ‘ಹಾಕಿದ್ದು’ ಫೋಲ್ಡರಿಗೆ. "ಯುಗಾದಿ ಶುಭಾಶಯ" ಎಂದು ಅಕ್ಷರ ಕೂಡಿಸಿದ ಪ್ರತಿಯೊಂದೇ ಉಳಿದರೆ ಆ ವಿಡಿಯೊ ಯುಗಾದಿಗೇ ಮುಗಿಯಿತು. ಖಾಲಿ ಪ್ರತಿ ಇದ್ದರೆ ಪಂಚಮಿಗೆ, ದಸರೆಗೆ, ಮದುವೆಗೆ ಸಾಲು ಬದಲಿಸಿ ಹಾಕಬಹುದು. ಹಾಡಿನ ತೊಡಕೂ ಇದೆ: ಇನ್‌ಸ್ಟಾಗ್ರಾಂ ಬಿಸಿನೆಸ್ ಖಾತೆಗೆ ಸಿನಿಮಾ ಹಾಡುಗಳು ಪೂರ್ತಿ ಸಿಗುವುದಿಲ್ಲ. ಎಡಿಟರಿನಲ್ಲೇ ಹಾಡು ಅಂಟಿಸಿ ಹಾಕಿದರೆ ಹಕ್ಕುಸ್ವಾಮ್ಯದ ಕಾರಣಕ್ಕೆ ಧ್ವನಿ ಕತ್ತರಿಸಬಹುದು. ಆಗ ಮೂಲ ಪ್ರತಿ ಇದ್ದರೆ ಬೇರೆ ಸಂಗೀತ ಹಚ್ಚುವುದು ಐದು ನಿಮಿಷದ ಕೆಲಸ. ಮೆಟಾದವರ ಸೌಂಡ್ ಕಲೆಕ್ಷನ್ ಉಚಿತ, ಅದರಲ್ಲಿನ ಸಂಗೀತಕ್ಕೆ ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಈ ತಂಟೆ ಇಲ್ಲ.

ಫೈಲ್ ಹೆಸರು ಬರೀ ಅಂಕಿಯಲ್ಲಿರಲಿ. ಒಂದು ಸೀರೆಯ ಅಥವಾ ಒಂದು ಶೂಟಿನ ನಂಬರ್ 0142 ಅಂದುಕೊಳ್ಳಿ. ವಿಂಡೋಸ್‌ನಲ್ಲಿ ಆ ಶೂಟಿನ ಫೈಲ್ ಎಲ್ಲ ಆರಿಸಿ, ಎಫ್2 ಒತ್ತಿ, 0142 ಎಂದು ಬರೆದು ಎಂಟರ್ ಒತ್ತಿದರೆ 0142 (1), 0142 (2) ಎಂದು ತಾನೇ ಹಚ್ಚಿಕೊಂಡು ಹೋಗುತ್ತದೆ. ಕಚ್ಚಾಕ್ಕೆ ಅಷ್ಟು ಸಾಕು. ಮೂಲ ಪ್ರತಿಗೆ ಮಾತ್ರ ಕೈಯಿಂದ 0142-00 ಎಂದು ಹೆಸರಿಡಿ. ಅದರಿಂದ ಮೊದಲ ಸಲ ಹಾಕಿದ್ದು 0142-01, ಎರಡನೇ ಸಲ ಹಾಕಿದ್ದು 0142-02. ಕನ್ನಡದಲ್ಲಿ ಫೈಲ್ ಹೆಸರು ಬರೆಯಬಹುದು, ಡ್ರೈವ್‌ಗೂ ಫೋನಿಗೂ ತಕರಾರಿಲ್ಲ. ಆದರೆ ಕೆಲವು ಹಳೆ ಎಡಿಟಿಂಗ್ ಸಾಫ್ಟ್‌ವೇರುಗಳು ಅಂಥ ಫೈಲನ್ನು ಒಳಗೆ ತಗೊಳ್ಳುವುದಿಲ್ಲ.

ಇನ್ನು ಗೂಗಲ್ ಶೀಟ್. ಎರಡು ಟ್ಯಾಬ್. ಮೊದಲನೆಯದು ‘ಸಾಮಗ್ರಿ’: ನಂಬರ್, ಡ್ರೈವ್ ಲಿಂಕ್, ಸರಕು, ಯಾವ ಶಾಟ್‌ಗಳಿವೆ, ಕೈಮಗ್ಗವೋ ಪವರ್‌ಲೂಮೋ, ಒಪ್ಪಿಗೆ, ಕಡೆಗೆ ಹಾಕಿದ ದಿನ. ಒಂದು ಫೈಲಿಗೆ ಒಂದು ಸಾಲಲ್ಲ, ಒಂದು ಶೂಟಿಗೆ ಒಂದು ಸಾಲು. ಫೈಲಿಗೊಂದು ಸಾಲು ಬರೆಯಲು ಹೊರಟ ಶೀಟುಗಳು ತಿಂಗಳೊಳಗೆ ನಿಂತುಹೋಗುತ್ತವೆ. ನಂಬರ್ ಕಾಲಂ ಅನ್ನು ಮೊದಲೇ ‘ಪ್ಲೇನ್ ಟೆಕ್ಸ್ಟ್’ ಮಾಡಿಕೊಳ್ಳಿ, ಇಲ್ಲದಿದ್ದರೆ 0142 ಬರೆದದ್ದು 142 ಆಗುತ್ತದೆ, ಆಮೇಲೆ ಡ್ರೈವ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ. ಸರಕು, ಶಾಟ್, ಮಗ್ಗ ಈ ಮೂರಕ್ಕೂ ಡ್ರಾಪ್‌ಡೌನ್ ಕಡ್ಡಾಯ. ಕೈಯಿಂದ ಬರೆಯಲು ಬಿಟ್ಟರೆ ಒಬ್ಬರು ಸೀರೆ ಅಂತಾರೆ, ಇನ್ನೊಬ್ಬರು ಸೀರಿ ಅಂತಾರೆ, ಮತ್ತೊಬ್ಬರು ಸಾರಿ ಅಂತಾರೆ. ಫಿಲ್ಟರ್ ಹಾಕಿದಾಗ ಮೂರರಲ್ಲಿ ಒಂದು ಪಾಲಷ್ಟೇ ಬರುತ್ತದೆ.

‘ಕಡೆಗೆ ಹಾಕಿದ ದಿನ’ವನ್ನು ಕೈಬಿಡಬೇಡಿ. ಆ ಕಾಲಂ ಮೇಲೆ ಹಳೆಯದರಿಂದ ಹೊಸದಕ್ಕೆ ಸಾಲು ಹಚ್ಚಿದರೆ ಬಹಳ ದಿನದಿಂದ ಮುಟ್ಟದ ಸಾಮಗ್ರಿ ಮೇಲೆ ಬರುತ್ತದೆ. ಒಮ್ಮೆಯೂ ಹಾಕದ್ದಕ್ಕೆ ದಿನ ಇರುವುದಿಲ್ಲ, ಶೀಟ್ ಖಾಲಿ ಕೋಶವನ್ನು ತಳಕ್ಕೆ ತಳ್ಳುತ್ತದೆ. ಅದಕ್ಕೆ 2000-01-01 ಎಂದು ತುಂಬಿಡಿ. ಒಂದೇ ಕ್ಲಿಪ್ ಮತ್ತೆ ಹಾಕಲು 90 ದಿನದ ಅಂತರ ಸಾಕು ಅನ್ನುವುದು ನನ್ನ ಅಂದಾಜು, ಸ್ಟೇಟಸ್‌ಗೆ ಅಷ್ಟೂ ಬೇಡ.

ಎರಡನೇ ಟ್ಯಾಬ್ ‘ಐಡಿಯಾ’. ಸಾಮಗ್ರಿ, ಐಡಿಯಾ ಕೂಡಿಡುವ ಈ ಬ್ಯಾಂಕ್ ಹಾಳಾಗುವುದು ಇಲ್ಲೇ. "ಇಳಕಲ್ ಸೀರೆ ಇತಿಹಾಸ" ಅಂತ ಬರೆದಿಟ್ಟರೆ ಅದು ಐಡಿಯಾ ಅಲ್ಲ, ತಲೆಬರಹ. ಕ್ಯಾಮೆರಾ ಹಿಡಿದವರಿಗೆ ಏನು ತೆಗೆಯಬೇಕು ಎಂದು ಗೊತ್ತಾಗುವಂತಿರಬೇಕು: "ಸೆರಗು ಒಡಲು ಕೂಡುವಲ್ಲಿ ಕೊಂಡಿ ಹೇಗಿರುತ್ತದೆ, ಸೀರೆ ತಿರುವಿ ಹಿಂಬದಿ ತೋರಿಸುವುದು, 20 ಸೆಕೆಂಡ್." ಒಳ್ಳೆಯ ಐಡಿಯಾಗಳ ಗಣಿ ನಿಮ್ಮ ಗಲ್ಲೆಯ ಮುಂದೆಯೇ ಇದೆ. ಗಿರಾಕಿ ಕೇಳಿದ ಮಾತನ್ನು ಅವರ ಬಾಯಲ್ಲಿ ಬಂದ ಹಾಗೇ ಬರೆದುಕೊಳ್ಳಿ. "ಬಣ್ಣ ಬಿಡ್ತೈತೇನು?" ಎನ್ನುವುದಕ್ಕೆ ತೊಳೆಯುವ ವಿಡಿಯೊ. "ಆರು ವಾರು, ಎಂಟು ವಾರು, ಒಂಬತ್ತು ವಾರು ಏನ್ ಫರಕು?" ಎನ್ನುವುದಕ್ಕೆ ಮೂರನ್ನೂ ಬಿಚ್ಚಿ ಪಕ್ಕಪಕ್ಕ ಹಾಸಿ ಮೇಲಿಂದ ಒಂದು ಶಾಟ್, ಒಂಬತ್ತು ವಾರಿನ ಕಚ್ಚೆ ಉಡುವ ವಿಡಿಯೊ, ಯಾರಿಗೆ ಯಾವುದು ಎಂಬ ಸ್ಲೈಡು. ದಡಿಗಳು, ಅಂದರೆ ಅಂಚುಗಳು, ಗೋಮಿ, ಗಾಯತ್ರಿ, ಚಿಕ್ಕಿ ಪರಾಸ ಎಂದು ಬೇರೆ ಬೇರೆ ಇರುವುದರಿಂದ ಒಂದೊಂದಕ್ಕೂ ಒಂದೊಂದು ಪೋಸ್ಟು ತಾನಾಗಿ ಹುಟ್ಟುತ್ತದೆ.

ಐಡಿಯಾ ಟ್ಯಾಬಿನ ಕಾಲಂ: ಒಂದು ಸಾಲಿನ ಐಡಿಯಾ, ಬೇಕಾದ ಶಾಟ್, ಸಾಮಗ್ರಿ ನಂಬರ್, ಯಾವ ಹಬ್ಬ ಅಥವಾ ‘ಎಂದಿಗೂ’, ಸ್ಥಿತಿ. ಸ್ಥಿತಿಗೆ ಐದು: ಹೊಳೆದದ್ದು, ಶೂಟ್ ಬೇಕು, ಎಡಿಟ್ ಬೇಕು, ತಯಾರ್, ಹಾಕಿದ್ದು. ಸಾಮಗ್ರಿ ನಂಬರ್ ಖಾಲಿ ಇರುವ ಸಾಲುಗಳನ್ನು ಫಿಲ್ಟರ್ ಮಾಡಿದರೆ ಅದೇ ನಿಮ್ಮ ಮುಂದಿನ ಶೂಟಿಂಗ್ ಪಟ್ಟಿ. ನೇಕಾರರ ಮನೆಗೆ ಹೋಗುವಾಗ ಅದನ್ನು ಫೋನಿನಲ್ಲಿ ತೆರೆದಿಟ್ಟುಕೊಳ್ಳಿ.

ಗುಮ್ಮಟದ_ನೆರಳು, ವಿಜಯಪುರ

ಕೋಟೆಕೆರೆ ಅವರು ಹೇಳಿದ್ದು ಬರೋಬ್ಬರಿ ಅದ. ಆದ್ರ ಬ್ಯಾಂಕಿನೊಳಗ ಹೋಗೂ ಮಾಲು ಕೆಟ್ಟಿದ್ರ ಶೀಟ್ ಎಷ್ಟ್ ಚೆಂದ ಇದ್ರೇನು. ಮೊದಲು ಅದನ್ನ ಹೇಳ್ತೀನಿ, ಆಮ್ಯಾಲ ಜಾಗಾದ್ದು.

ವಾಟ್ಸಾಪ್‌ನ್ಯಾಗ ಫೋಟೊ ಅಂತ ಕಳಿಸಿದ್ರ ಗಾತ್ರ ಕುಗ್ಗತದ, ತಗದ ದಿನ-ಹೊತ್ತಿನ ಮಾಹಿತಿನೂ ಅಳಿಸಿ ಹೋಗ್ತದ. ಎಚ್‌ಡಿ ಆರಿಸಿದ್ರೂ ಮೂಲದಷ್ಟು ಇರೂದಿಲ್ಲ. ಕ್ಲಿಪ್ ಚಿಹ್ನೆ ಒತ್ತಿ ‘ಡಾಕ್ಯುಮೆಂಟ್’ ಅಂತ ಕಳಸ್ರಿ, ಮೂಲ ಫೈಲ್ ಇದ್ದಂಗ ಬರ್ತದ. ಆಂಡ್ರಾಯ್ಡ್‌ನಿಂದ ಲ್ಯಾಪ್‌ಟಾಪ್‌ಗೆ ಕ್ವಿಕ್ ಶೇರ್ ಅದ, ಇಂಟರ್ನೆಟ್ ಖರ್ಚಾಗೂದಿಲ್ಲ. ಐಫೋನ್ ಇದ್ದವರು ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ನ್ಯಾಗ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸ್ರಿ. ಇಲ್ಲಂದ್ರ ಎಚ್‌ಇಐಸಿ ಫೈಲ್ ಬರ್ತಾವ, ವಿಂಡೋಸ್‌ನ್ಯಾಗ ಬಹಳ ಕಡೆ ತೆರೆಯೂದಿಲ್ಲ. ಹಂಗ ಮಾಡಿದ್ರ ಫೈಲ್ ದೊಡ್ಡದಾಗ್ತದ, ಅದೊಂದು ನೆನಪಿರಲಿ. ಇನ್ನ ಆಂಡ್ರಾಯ್ಡ್‌ನ್ಯಾಗ ವಾಟ್ಸಾಪ್ ಸೆಟ್ಟಿಂಗ್ಸ್, ಚಾಟ್ಸ್‌ನೊಳಗ ‘ಮೀಡಿಯಾ ವಿಸಿಬಿಲಿಟಿ’ ಬಂದ್ ಮಾಡ್ರಿ. ಗುಡ್ ಮಾರ್ನಿಂಗ್ ಹೂವಿನ ಚಿತ್ರ ಸೀರಿ ಫೋಟೊದ ನಡುವ ಬಂದು ಕೂಡೂದು ನಿಲ್ಲತದ.

ಇಳಕಲ್ ಸೆರಗಿನ ಕೆಂಪು ರೇಷ್ಮಿ ಫೋನ್ ಕ್ಯಾಮೆರಾಕ್ಕ ದೊಡ್ಡ ಪರೀಕ್ಷೆ. ಬಿಸಲಾಗ ಹಿಡಿದ್ರ ಕೆಂಪು ಒಂದ ಬಣ್ಣದ ಗೋಡಿ ಆಗ್ತದ, ನೇಯ್ಗಿ ಕಾಣೂದಿಲ್ಲ. ನೆರಳಾಗ ಇಡ್ರಿ, ಬಾಗಿಲದಿಂದ ಎರಡು-ಮೂರು ಅಡಿ ಒಳಗ, ಬದಿಯಿಂದ ಬೆಳಕು ಬೀಳಂಗ. ಸ್ಕ್ರೀನ್ ಮ್ಯಾಲ ಸೆರಗು ಒತ್ತಿ ಹಿಡಿದು ಬೆಳಕಿನ ಗುರುತು ಒಂದೀಟ ಕೆಳಗ ಎಳೀರಿ. ಅಂಗಡಿ ಟ್ಯೂಬ್‌ಲೈಟ್ ಬಂದ್ ಮಾಡ್ರಿ, ಬಾಗಿಲ ಬೆಳಕು ಟ್ಯೂಬಿನ ಬೆಳಕು ಕೂಡಿದ್ರ ಅರ್ಧ ಸೀರಿ ಹಸಿರು ಛಾಯಾ ಹೊಡೀತದ. ಪ್ರತಿ ಸೀರಿಗೂ ಮೊದಲ ಫೋಟೊದಾಗ ಒಂದು ಬಿಳಿ ಹಾಳಿ ಬದಿಗಿಡ್ರಿ, ಅದರ ಮ್ಯಾಲ ದಪ್ಪ ಪೆನ್ನಿನಿಂದ 0142 ಅಂತ ಬರೀರಿ. ಬಣ್ಣ ಸರಿಮಾಡೂದಕ್ಕ ಬಿಳಿನೂ ಸಿಕ್ತು, ಯಾವ ಸೀರಿ ಎಲ್ಲಿಂದ ಶುರು ಅಂತ ಗೊತ್ತಾಗೂದಕ್ಕ ನಂಬರೂ ಸಿಕ್ತು. ಆರಿಸೂ ಹೊತ್ತಿನ್ಯಾಗ ಈ ಹಾಳಿ ಬಹಳ ಕೆಲಸ ಉಳಸ್ತದ.

ಖಣದ ಸಣ್ಣ ಬುಟ್ಟಾ, ಒಡಲಿನ ಸಣ್ಣ ಚೌಕಡಿ ದೂರದಿಂದ ಹಿಡಿದ್ರ ಸ್ಕ್ರೀನ್ ಮ್ಯಾಲ ಇಲ್ಲದ ಅಲೆ ಏಳತಾವ. ಫಿಲ್ಟರ್ ಹಚ್ಚಿದ್ರ ಹೋಗೂದಿಲ್ಲ. ಅರ್ಧ ಅಡಿ ಹತ್ರ ಇಲ್ಲಾ ಒಂದಡಿ ದೂರ ಸರೀರಿ, ಇಲ್ಲಾ ಬಟ್ಟಿ ಒಂದೀಟು ತಿರುವ್ರಿ.

ಮಗ್ಗದ ಮನ್ಯಾಗ ಟ್ಯೂಬ್ ಬೆಳಕಿನ್ಯಾಗ ವಿಡಿಯೊ ತಗದ್ರ ಅಡ್ಡ ಪಟ್ಟಿ ಓಡತಾವ. ನಮ್ಮ ಕರೆಂಟ್ 50 ಹರ್ಟ್ಜ್ ಇರೂದರಿಂದ ಪ್ರೊ ಮೋಡ್‌ನ್ಯಾಗ ಶಟರ್ 1/50 ಇಲ್ಲಾ 1/100 ಇಡ್ರಿ. ಪ್ರತಿ ಕ್ಲಿಪ್ ಉದ್ದಕ್ಕ ಹಿಡಿದು 8ರಿಂದ 10 ಸೆಕೆಂಡ್, ಮೊದಲ ಮತ್ತ ಕಡೀ ಎರಡು ಸೆಕೆಂಡ್ ಕೈ ಅಲುಗಾಡಬಾರದು, ಕತ್ತರಿಸೂದಕ್ಕ ಜಾಗ ಬೇಕಲ್ಲ. ಮಗ್ಗದ ಸದ್ದು ಬ್ಯಾರೇನ ಒಂದು ನಿಮಿಷ ರೆಕಾರ್ಡ್ ಮಾಡ್ರಿ, ಯಾರೂ ಮಾತಾಡದ. ಅದನ್ನ ಎಷ್ಟು ವಿಡಿಯೊಕ್ಕರ ಹಚ್ಚಬಹುದು, ಹಕ್ಕಿನ ತಕರಾರೂ ಇಲ್ಲ.

ಒಂದು ಸೀರಿಗೆ ನಾನು ಹೇಳೂ ಶಾಟ್: ಪೂರ್ತಿ ಬಿಚ್ಚಿದ್ದು, ಸೆರಗು, ದಡಿ, ಕೊಂಡಿ ಮುಂದ-ಹಿಂದ, ಒಡಲು ಹತ್ರದಿಂದ, ಮಡಿಕಿ, ಉಟ್ಟದ್ದು, ಕಸೂತಿ ಇದ್ರ ಅದೊಂದು. ಹೆಚ್ಚು ಬ್ಯಾಡ. ಒಂದ ಶಾಟ್ ಹತ್ತು ಸಲ ಹೊಡೆದು ಹತ್ತೂ ಇಟ್ಕೊಂಡ್ರ ಯಾವುದು ಚಲೋ ಅಂತ ಪ್ರತಿ ಸಲ ಮತ್ತ ಕುಂತು ಆರಸಬೇಕಾಗ್ತದ.

ಈಗ 15 ಜಿಬಿ ಲೆಕ್ಕ. ಅದು ಡ್ರೈವ್, ಜಿಮೇಲ್, ಗೂಗಲ್ ಫೋಟೋಸ್ ಮೂರಕ್ಕೂ ಕೂಡಿ. ಜೂನ್ 2021ರಿಂದ ಫೋಟೋಸ್‌ಗೆ ಹೋಗಿದ್ದೆಲ್ಲಾ ಅದರಾಗ ಎಣಿಸತದ. 4ಕೆ ವಿಡಿಯೊ 30 ಫ್ರೇಮ್‌ಗೆ ನಿಮಿಷಕ್ಕ ಸುಮಾರು 170ರಿಂದ 350 ಎಂಬಿ, 1080ಪಿ ಆದ್ರ 60ರಿಂದ 130. ಇನ್‌ಸ್ಟಾಗ್ರಾಂ ರೀಲ್‌ಗೆ ಬೇಕಾಗೂದು 1080 ಅಗಲ 1920 ಎತ್ತರ ಅಷ್ಟ. ಕೊಂಡಿಯಂಥ ಸೂಕ್ಷ್ಮ ಕೆಲಸ ಆಮ್ಯಾಲ ಹಿಗ್ಗಿಸಿ ತೋರಸೂದಿದ್ರ 4ಕೆ, ಉಳಿದದ್ದಕ್ಕ 1080.

ಕಚ್ಚಾ ಎಲ್ಲಾ ಡ್ರೈವ್‌ನ್ಯಾಗ ಇಡೂ ಹಟ ಬಿಡ್ರಿ. ಕಚ್ಚಾ ಒಂದು ಹಾರ್ಡ್‌ಡಿಸ್ಕ್‌ನ್ಯಾಗ, ಅದರ ಜೋಡಿ ಇನ್ನೊಂದು ಡಿಸ್ಕ್ ಅಂಗಡಿ ಬಿಟ್ಟು ಮನ್ಯಾಗ. ಡ್ರೈವ್‌ನ್ಯಾಗ ಮೂಲ ಪ್ರತಿ, ಹಾಕಿದ್ದು, ಶೀಟ್, ಇಷ್ಟ. ಕಚ್ಚಾಕ್ಕ ಶೀಟ್‌ನ ಲಿಂಕ್ ಕಾಲಂನ್ಯಾಗ ಯಾವ ಡಿಸ್ಕ್, ಯಾವ ತಿಂಗಳು ಅಂತ ಬರೀರಿ ಸಾಕು. ಡಿಸ್ಕ್ ಎಕ್ಸ್‌ಫ್ಯಾಟ್ ಅನ್ನೂ ನಮೂನಿಗೆ ಫಾರ್ಮ್ಯಾಟ್ ಮಾಡ್ಕೊಳ್ರಿ. ಹಳೆ ಫ್ಯಾಟ್32 ಇದ್ರ 4 ಜಿಬಿಗಿಂತ ದೊಡ್ಡ ಫೈಲ್ ಹತ್ತೂದಿಲ್ಲ.

ಒಂದು ಎಚ್ಚರಿಕಿ. ಗೂಗಲ್ ಫೋಟೋಸ್ ಆ್ಯಪ್‌ನ್ಯಾಗ ಜಾಗಾ ಮಾಡೂದಕ್ಕಂತ ಡಿಲೀಟ್ ಒತ್ತಿದ್ರ ಫೋನ್‌ದೂ ಹೋಗ್ತದ, ಮ್ಯಾಲಿಂದೂ ಹೋಗ್ತದ. ಫೋನಿಂದಷ್ಟ ತಗೀಬೇಕಂದ್ರ ‘ಫ್ರೀ ಅಪ್ ಸ್ಪೇಸ್’. ತಪ್ಪಿ ಒತ್ತಿದ್ರ ಬ್ಯಾಕಪ್ ಆಗಿದ್ದು ಕಸದ ಬುಟ್ಟ್ಯಾಗ 60 ದಿನ ಇರ್ತದ, ಅಷ್ಟರಾಗ ಹಿಂದ ತಗೀರಿ. ಮತ್ತ ಫೋಟೋಸ್‌ನ್ಯಾಗ ಆಲ್ಬಂ ಮಾಡಿದ್ರ ಅದು ಡ್ರೈವ್‌ನ್ಯಾಗ ಫೋಲ್ಡರ್ ಆಗೂದಿಲ್ಲ, ಫೋಟೋಸ್-ಡ್ರೈವ್ ಜೋಡಣಿನ 2019ರಾಗ ತಗದಾರ.

ಮಲಪ್ರಭಾ_ದಂಡಿ, ಬಾಗಲಕೋಟೆ

ಕೋಟೆಕೆರೆ ಅವರ ಒಂದು ಮಾತಿಗೆ ನನ್ನ ಒಪ್ಪಿಗಿ ಇಲ್ರಿ. ಹೊಳೆದ ಐಡಿಯಾ ನೇರ ಶೀಟ್‌ಗೆ ಬರೀರಿ ಅಂದ್ರ ಯಾರೂ ಬರಿಯಂಗಿಲ್ಲ. ಗಿರಾಕಿ ಮುಂದ ನಿಂತಾಗ ಫೋನ್‌ನ್ಯಾಗ ಶೀಟ್ ತಗದು, ಕಾಲಂ ಹುಡುಕಿ, ಡ್ರಾಪ್‌ಡೌನ್ ಒತ್ತೋದು ಆಗೋ ಮಾತಲ್ಲ. ಇಬ್ಬರ ಇರೋ ಒಂದು ವಾಟ್ಸಾಪ್ ಗ್ರೂಪ್ ಮಾಡ್ರಿ, ಹೆಸರು ‘ಐಡಿಯಾ’, ಅದರಾಗ ಬ್ಯಾರೆ ಮಾತು ಒಂದೂ ಬರಬಾರದು. ಕೈ ತುಂಬಿದ್ರ ಕೀಬೋರ್ಡ್‌ನ ಮೈಕ್ ಒತ್ತಿ ಕನ್ನಡದಾಗ ಹೇಳ್ರಿ, ಜಿಬೋರ್ಡ್ ಅಕ್ಷರ ಮಾಡ್ತೈತಿ. ವಾಯ್ಸ್ ನೋಟ್ ಮಾತ್ರ ಬ್ಯಾಡ, ಆಮ್ಯಾಲ ಹುಡುಕಾಕ ಬರಂಗಿಲ್ಲ. ವಾರಕ್ಕ ಒಂದು ದಿನ ಅರ್ಧ ತಾಸು ಕುಂತು ಗ್ರೂಪಿನಿಂದ ಶೀಟ್‌ಗೆ ಇಳಸ್ರಿ. ಇಳಿಸಿದ ಮೆಸೇಜ್‌ಗೆ ಒಂದು ಹೆಬ್ಬೆಟ್ಟಿನ ರಿಯಾಕ್ಷನ್ ಒತ್ರಿ, ಎಲ್ಲಿತನ ಆತು ಅಂತ ಗೊತ್ತಾಗ್ತೈತಿ. ಇಳಸೋ ಹೊತ್ತಿನ್ಯಾಗ ಅರ್ಧ ಐಡಿಯಾ ಪಿಚ್ಚ ಅನಸ್ತಾವು, ಅವನ್ನ ಅಲ್ಲೇ ಬಿಡ್ರಿ.

ಹಬ್ಬದ ಕಾಲಂನ್ಯಾಗ ತಾರೀಖು ಬರೀಬ್ಯಾಡ್ರಿ, ಹಬ್ಬದ ಹೆಸರು ಬರೀರಿ. ನಾಗರ ಪಂಚಮಿ 2025ರಾಗ ಜುಲೈ 29ಕ್ಕ ಬಂದಿತ್ತು, 2026ರಾಗ ಆಗಸ್ಟ್ 17. ಯಾಕಂದ್ರ 2026ರಾಗ ಮೇ 17ರಿಂದ ಜೂನ್ 15ರತನ ಅಧಿಕ ಜ್ಯೇಷ್ಠ ಐತಿ, ಅದರ ಆಮ್ಯಾಲಿನ ಹಬ್ಬ ಎಲ್ಲಾ ತಡಾ ಆಗಿ ಬರ್ತಾವು. ಹಿಂದಿನ ವರ್ಷದ ತಾರೀಖು ನೋಡಿ ಶೆಡ್ಯೂಲ್ ಮಾಡಿದ್ರ ಪಂಚಮಿ ಪೋಸ್ಟ್ ಮೂರು ವಾರ ಮುಂಚೆ ಹೋಗಿ ಬಿಡ್ತೈತಿ. ಅಧಿಕದಾಗ ಮದುವಿ ಇರಂಗಿಲ್ಲ, ಹಂಗಾಗಿ ‘ಮದುವಿ’ ಅಂತ ಗುರುತು ಹಾಕಿದ ಸಾಮಗ್ರಿ ಆ ತಿಂಗಳ ಮುಟ್ಟಬ್ಯಾಡ್ರಿ. ಮಗಳು-ಅಳಿಯಗ ಉಡುಗೊರಿ ಕೊಡೋ ಪದ್ಧತಿ ಐತಿ, ಅದಕ್ಕ ಬ್ಯಾರೆ ಐಡಿಯಾ ಇಡ್ರಿ. ಮೂರನೇ ಟ್ಯಾಬ್ ಒಂದು ಮಾಡಿ ಹಬ್ಬದ ಹೆಸರು ಒಂದ ಕಡೆ, ಈ ವರ್ಷದ ತಾರೀಖು ಒಂದ ಕಡೆ ಬರೀರಿ. ವರ್ಷಕ್ಕೊಮ್ಮೆ ಪಂಚಾಂಗ ನೋಡಿ ಆ ಒಂದು ಕಾಲಂ ತಿದ್ದಿದ್ರ ಸಾಕು.

ಟ್ಯಾಬ್‌ನ್ಯಾಗ ನಮ್ಮ ಕಡೆ ಬೇಕಾಗೂವು: ಸಂಕ್ರಾಂತಿ, ವಿಜಯಪುರದ ಸಿದ್ಧೇಶ್ವರ ಜಾತ್ರಿ ಅದರ ಆಜುಬಾಜು, ಬನದ ಹುಣ್ಣಿವಿಗೆ ಬಾದಾಮಿ ಬನಶಂಕರಿ ಜಾತ್ರಿ, ಯುಗಾದಿ, ಬಸವ ಜಯಂತಿ, ಕಾರಹುಣ್ಣಿವಿ, ಪಂಚಮಿ, ಗೌರಿ-ಗಣಪತಿ, ದಸರಾ ಬನ್ನಿ, ಸೀಗಿ ಹುಣ್ಣಿವಿ, ಅಕ್ಟೋಬರ್ 23ರ ಸುತ್ತ ಕಿತ್ತೂರು ಉತ್ಸವ, ದೀಪಾವಳಿ, ಗೌರಿ ಹುಣ್ಣಿವಿ, ಎಳ್ಳ ಅಮವಾಸಿ. ಪಂಚಮಿಗೆ ಹೆಣ್ಣಮಕ್ಕಳು ತವರಿಗೆ ಬರ್ತಾರ, ಸೀರಿ ಕೊಡೋದು ಅದಕ್ಕೂ ಮುಂಚೆ ತಗೋತಾರ. ಹಂಗಾಗಿ ಹಬ್ಬದ ದಿನ ಶುಭಾಶಯ ಹಾಕಿದ್ರ ಲೈಕ್ ಬರ್ತಾವು, ವ್ಯಾಪಾರ ಆಗಂಗಿಲ್ಲ. ಸೀರಿ ತೋರಸೋ ಪೋಸ್ಟ್ 15ರಿಂದ 20 ದಿನ ಮೊದಲ ಶುರು ಆಗಬೇಕು, ‘ತಯಾರ್’ ಅಂತ ಗುರುತು ಅದಕ್ಕೂ ಒಂದು ವಾರ ಮೊದಲ ಬೀಳಬೇಕು. ಶೆಡ್ಯೂಲ್ ಮಾಡಾಕ ಮೆಟಾ ಬಿಸಿನೆಸ್ ಸೂಟ್ ಪುಕ್ಕಟ ಐತಿ. ವಾಟ್ಸಾಪ್ ಸ್ಟೇಟಸ್ ಅದರಾಗ ಬರಂಗಿಲ್ಲ, 24 ತಾಸಿಗೆ ಅಳಿಸಿ ಹೋಗ್ತೈತಿ, ಕೈಲೇ ಹಾಕಬೇಕು.

ಒಪ್ಪಿಗಿ ಕಾಲಂ ಬಗ್ಗೆ ಮ್ಯಾಲಿನವರು ಹೆಸರಷ್ಟ ಹೇಳಿ ಬಿಟ್ರು. ನೇಕಾರರ ಮಾರಿ ಕಾಣೋ ವಿಡಿಯೊ ಇದ್ರ, ಅವರ ಮಾತಿನಾಗ ಹತ್ತು ಸೆಕೆಂಡ್ ಒಂದು ಕ್ಲಿಪ್ ತಗೀರಿ: ಈ ವಿಡಿಯೊ ಅಂಗಡಿ ಪೇಜಿಗೆ ಹಾಕಬಹುದು ಅಂತ. ಅದಕ್ಕೂ ಅದ ನಂಬರ್ ಕೊಟ್ಟು ಕಚ್ಚಾದಾಗ ಇಡ್ರಿ. 18ರ ಒಳಗಿನ ಮಕ್ಕಳಿದ್ರ ತಾಯಿ-ತಂದಿ ಹೇಳಬೇಕು. ಗಿರಾಕಿ ಸೀರಿ ಉಟ್ಟು ಕಳಿಸಿದ ಫೋಟೊಕ್ಕ ಮೆಸೇಜ್‌ನ್ಯಾಗ ಕೇಳಿ, ‘ಹೂಂ’ ಅಂದಿದ್ದರ ಸ್ಕ್ರೀನ್‌ಶಾಟ್. ಡ್ರಾಪ್‌ಡೌನ್‌ನ್ಯಾಗ ನಾಲ್ಕು ಇರಲಿ: ಐತಿ, ಸ್ಟೇಟಸ್‌ಗಷ್ಟ, ಇಲ್ಲ, ವಾಪಸ್ ತಗೊಂಡಾರ. ಕಡೀದು ಬಹಳ ಮುಖ್ಯ. ಮದುವಿ ಮುರಿತೈತಿ, ಮನಿಯವರು ಬ್ಯಾಡ ಅಂತಾರ, ಯಾರೋ ತೀರಿಕೊಂಡಿರ್ತಾರ. ಎರಡು ವರ್ಷ ಬಿಟ್ಟು ಹಳೆ ಬ್ಯಾಂಕಿನಿಂದ ಅದ ಫೋಟೊ ತಗದು ಹಾಕಿದ್ರ ಕ್ಷಮಾ ಕೇಳಿದ್ರೂ ಮುಗಿಯಂಗಿಲ್ಲ.

ಕೈಮಗ್ಗ-ಪವರ್‌ಲೂಮ್ ಕಾಲಂ ಖಾಲಿ ಬಿಡಬ್ಯಾಡ್ರಿ. ಕೈಮಗ್ಗದ ಕ್ಲಿಪ್ ಚೆಂದ ಐತಿ ಅಂತ ಪವರ್‌ಲೂಮ್ ಸೀರಿ ರೇಟಿನ ಹಿಂದ ಹಚ್ಚಿದ್ರ ಅದು ಗಿರಾಕಿಗೆ ಸುಳ್ಳು ಹೇಳಿದಂಗ. ಗ್ರಾಹಕರ ರಕ್ಷಣಾ ಕಾಯ್ದೆ 2019ರ ಪ್ರಕಾರ ದಾರಿ ತಪ್ಪಿಸೋ ಜಾಹೀರಾತು. ಎಡಿಟ್ ಮಾಡೋ ಹುಡುಗರಿಗೆ ಎರಡೂ ಒಂದ ಕಂಡಂಗ ಕಾಣ್ತಾವು, ಅವರ ತಪ್ಪಲ್ಲ. ಕಚ್ಚಾ ಇಳಸೋ ಹೊತ್ತಿಗೇ ತುಂಬ್ರಿ.

ಬಾದಾಮಿ, ಐಹೊಳಿ, ಪಟ್ಟದಕಲ್ಲಿನ್ಯಾಗ ಸೀರಿ ಉಡಿಸಿ ಶೂಟ್ ಮಾಡೋ ಆಲೋಚನಿ ಇದ್ರ ಅವು ಪುರಾತತ್ವ ಇಲಾಖಿ ಸ್ಮಾರಕ. ಟ್ರೈಪಾಡ್ ಇಟ್ಟು, ವ್ಯಾಪಾರಕ್ಕಂತ ತಗಿಯೋದಕ್ಕ ಮೊದಲ ಪರವಾನಗಿ ಬೇಕು. ಹಂಥ ಐಡಿಯಾ ಮುಂದ ಸ್ಥಿತಿ ಕಾಲಂನ್ಯಾಗ ‘ಪರವಾನಗಿ ಬೇಕು’ ಅಂತ ಆರನೇದು ಒಂದು ಕೂಡಸ್ರಿ.

ದಡಿ_ಸೆರಗು, ಇಳಕಲ್

ಬಹಳ ಉಪಕಾರ ಆತ್ರಿ. ಇವತ್ತ ಶೀಟ್ ಶುರು ಮಾಡೀವಿ. ಎರಡು ಸಂಶೆ ಉಳಿದಾವು. ಒಂದು, ಹಳೇ ರಾಶಿ ಫೋನ್‌ನ್ಯಾಗ, ಡ್ರೈವ್‌ನ್ಯಾಗ, ಪೆನ್‌ಡ್ರೈವ್‌ನ್ಯಾಗ ಬಿದ್ದೈತಿ, ಅದಕ್ಕೆಲ್ಲಾ ನಂಬರ್ ಕೊಡಬೇಕೇನು? ಎರಡನೇದು, ಶೀಟ್‌ನ್ಯಾಗ ಬರೆದಿಟ್ಟ ಕನ್ನಡ ಸಾಲು ಫೋಟೊಶಾಪ್‌ಗೆ ಹಾಕಿದ್ರ ಒತ್ತಕ್ಷರ ಒಡದು ಬರ್ತಾವು, ಮತ್ತ ನುಡಿಯೊಳಗ ಟೈಪ್ ಮಾಡಿದ್ದು ಇನ್‌ಸ್ಟಾಗ್ರಾಂನ್ಯಾಗ ಇಂಗ್ಲಿಷ್ ಅಕ್ಷರ ಕಲಸಿದಂಗ ಕಾಣ್ತೈತಿ.

ಕೋಟೆಕೆರೆ, ಬೆಳಗಾವಿ

ಅಕ್ಷರದ್ದು ಮೊದಲು. ನುಡಿಯಲ್ಲಿ ಹಳೆ ಆಸ್ಕಿ ಫಾಂಟಿನಲ್ಲಿ ಟೈಪಿಸಿದ್ದು ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡ. ಯೂನಿಕೋಡ್‌ನಲ್ಲೇ ಬರೆಯಿರಿ, ಹಳೆಯದಿದ್ದರೆ ಪರಿವರ್ತಕದಿಂದ ಬದಲಿಸಿ ಶೀಟಿಗೆ ಹಾಕಿ. ಫೋಟೊಶಾಪ್‌ನಲ್ಲಿ ಪ್ರಿಫರೆನ್ಸಸ್, ಟೈಪ್ ಒಳಗೆ ‘ವರ್ಲ್ಡ್-ರೆಡಿ ಲೇಔಟ್’ ಇದ್ದರೆ ಅದನ್ನು ಆರಿಸಿ, ಹೊಸ ಫೈಲ್ ತೆರೆದು ಹೊಸ ಅಕ್ಷರಪದರ ಹಾಕಿ, ಒತ್ತು ಕೂಡುತ್ತದೆ. ಹಳೆಯ ಪದರದಲ್ಲಿ ಒಡೆದದ್ದು ಹಾಗೇ ಉಳಿದರೆ ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು. ಫಾಂಟಿಗೆ ನೋಟೊ ಸಾನ್ಸ್ ಕನ್ನಡ, ಬಲೂ ತಮ್ಮ 2, ತಿರೊ ಕನ್ನಡ ಮೂರೂ ಉಚಿತ. ಎರಡನ್ನು ಆರಿಸಿ ಬ್ಯಾಂಕಿನಲ್ಲೇ ‘ಫಾಂಟ್-ಲೋಗೊ’ ಎಂದು ಐದನೇ ಫೋಲ್ಡರ್ ಮಾಡಿ ಇಟ್ಟುಬಿಡಿ. ಮೊಬೈಲಿನ ಕೆಲವು ವಿಡಿಯೊ ಎಡಿಟರುಗಳು ಎಷ್ಟು ಮಾಡಿದರೂ ಒತ್ತಕ್ಷರ ಒಡೆಯುತ್ತವೆ. ಅಲ್ಲಿ ಸಾಲನ್ನು ಬೇರೆ ಕಡೆ ಮಾಡಿ, ಹಿನ್ನೆಲೆಯಿಲ್ಲದ ಪಿಎನ್‌ಜಿ ಚಿತ್ರವಾಗಿ ಮೇಲೆ ಕೂಡಿಸುವುದೇ ದಾರಿ. "ಹೊಸ ಸ್ಟಾಕ್ ಬಂದಿದೆ", "ಕೈಮಗ್ಗ" ಇಂಥ ಪದೇ ಪದೇ ಬೇಕಾಗುವ ಸಾಲುಗಳನ್ನು ಪಿಎನ್‌ಜಿಯಾಗಿ ಆ ಫೋಲ್ಡರಿನಲ್ಲೇ ಇಡಿ. ರೀಲ್‌ನಲ್ಲಿ ಮೇಲಿನ ಶೇ 14, ಕೆಳಗಿನ ಶೇ 35, ಬದಿಯ ಶೇ 6 ಭಾಗದಲ್ಲಿ ಅಕ್ಷರ ಬರದಿರಲಿ. ಜಾಹೀರಾತಿಗೆ ಮೆಟಾ ಹೇಳುವ ಅಂತರ ಇದು, ಸಾಮಾನ್ಯ ರೀಲ್‌ಗೂ ಒಳ್ಳೆಯದೇ. ಬೆಲೆ ಕೆಳಗೆ ಬರೆದರೆ ಖಾತೆ ಹೆಸರಿನ ಹಿಂದೆ ಮುಚ್ಚಿಹೋಗುತ್ತದೆ.

ಗುಮ್ಮಟದ_ನೆರಳು, ವಿಜಯಪುರ

ಹಳೇ ರಾಶಿಗೆ ನಂಬರ್ ಕೊಡೂದಕ್ಕ ಕುಂತ್ರ ಹೊಸಾದು ನಿಲ್ಲತದ. ಎಲ್ಲಾ ಒಂದ ಡಿಸ್ಕ್‌ನ್ಯಾಗ ‘0000-ಹಳೇದು’ ಅನ್ನೂ ಫೋಲ್ಡರ್‌ಗೆ ಇದ್ದಂಗ ಸುರುವ್ರಿ, ಒಳಗ ಏನೂ ಜೋಡಸಬ್ಯಾಡ್ರಿ. ಆಮ್ಯಾಲ ಇನ್‌ಸ್ಟಾಗ್ರಾಂ ಇನ್‌ಸೈಟ್ಸ್ ತಗದು, ಹಿಂದಿನ ವರ್ಷದಾಗ ಜನ ಹೆಚ್ಚು ಸೇವ್ ಮಾಡಿದ, ಶೇರ್ ಮಾಡಿದ 20 ಪೋಸ್ಟ್ ಆರಿಸ್ರಿ. ಲೈಕ್ ನೋಡಬ್ಯಾಡ್ರಿ, ಸೀರಿ ತಗೊಳ್ಳೂ ಮನಸಿದ್ದವರು ಸೇವ್ ಮಾಡ್ತಾರ. ಆ 20ರ ಮೂಲ ಫೈಲ್ ಅಷ್ಟ ಹುಡುಕಿ ನಂಬರ್ ಕೊಡ್ರಿ. ಉಳಿದಿದ್ದರಾಗ ಯಾವುದಾದ್ರೂ ಕೆಲಸಕ್ಕ ಬೇಕಾಗಿ ಕೈಗೆ ಸಿಕ್ರ, ಸಿಕ್ಕ ದಿನ ಅದಕ್ಕ ನಂಬರ್ ಕೊಟ್ಟು ಕಚ್ಚಾಕ್ಕ ಸರಸ್ರಿ.

ಮತ್ತ ಒಂದು ಕೇಳಲೇಬೇಕು: ಡ್ರೈವ್ ಯಾರ ಖಾತೀದು? ಹಂಚಿಕೊಂಡ ಫೋಲ್ಡರ್‌ನೊಳಗ ಯಾರು ಅಪ್‌ಲೋಡ್ ಮಾಡ್ತಾರೋ ಫೈಲ್ ಅವರ ಹೆಸರಿಲೆ ಇರ್ತದ, ಜಾಗಾ ಅವರದ ತಿಂತದ, ಅವರು ಖಾತಿ ಅಳಿಸಿದ್ರ ಫೈಲೂ ಹೋಗ್ತಾವ. ಅಂಗಡಿ ಹೆಸರಿಲೆ ಒಂದು ಖಾತಿ ಮಾಡಿ, ಲ್ಯಾಪ್‌ಟಾಪ್‌ನ್ಯಾಗ ಅದರಿಂದನ ಅಪ್‌ಲೋಡ್ ಮಾಡ್ರಿ. ಎರಡು ಹಂತದ ಭದ್ರತಿ ನಂಬರ್ ಮಾಲೀಕರ ಫೋನ್‌ದು ಇರಲಿ, ಕೆಲಸಕ್ಕ ಬಂದವರದಲ್ಲ.